ಎಡದಿಂದ ಬಲಕ್ಕೆ ಮೂರನೆಯವಳು

ನಾನು ಹೋಗಿಬಂದ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರೂ ಇಲ್ಲ, ಶಾಲೆಯ ಹೆಸರೂ ಇಲ್ಲ. ಅಲ್ಲಿಯವರ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. "ಹೆಸರ ಇಲ್ಲದ ಊರಿಗೆ ಹೋಗಿ ಬಂದೇನಿ ಅಂತ ಬರದ್ರ, ಈಕಿ ಹೋಗೇ ಇಲ್ಲ ಅಂತಾರ ಮಂದಿ" ಎಂದು ನಮ್ಮ ಮನೆಯವರು ನಕ್ಕರು. ಅನ್ನಲಿ ಬಿಡಿ. ಉತ್ತರದ ಕಡೆಯ, ಸಮುದ್ರದ ದಂಡೆಯ, ಮೈ ಕೊರೆಯುವ ಚಳಿಯ ಒಂದು ಸಣ್ಣ ದೇಶ ಎಂದಷ್ಟೇ ತಿಳಿದುಕೊಳ್ಳಿ. ಯಾಕೆ ಹೇಳುವುದಿಲ್ಲ ಎಂಬುದು ಓದುತ್ತ ಹೋದಂತೆ ನಿಮಗೇ ಗೊತ್ತಾಗುತ್ತದೆ.

ನನ್ನ ಮನೆ ಮುದ್ದೇಬಿಹಾಳದಲ್ಲಿ. ಬಸವನ ಬಾಗೇವಾಡಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ವರ್ಷದಿಂದ ನಮ್ಮ ಎಂಟನೆಯ ತರಗತಿಯೂ ಆ ದೇಶದ ಒಂದು ತರಗತಿಯೂ ವಾರಕ್ಕೊಮ್ಮೆ ಇಂಟರ್‌ನೆಟ್ಟಿನಲ್ಲಿ ಕೂಡಿ ಪಾಠ ಕಲಿಯುತ್ತಿದ್ದವು. ಅವರ ಪರದೆಯ ಮೇಲೆ ನಾವು, ನಮ್ಮ ಗೋಡೆಯ ಮೇಲೆ ಅವರು. ಕರೆಂಟು ಹೋಯಿತೆಂದರೆ ಇಬ್ಬರಿಗೆ ಇಬ್ಬರೂ ಮಾಯ. ಕೊನೆಗೆ ಆ ಶಾಲೆಯವರೇ ನನ್ನನ್ನು ಎರಡು ವಾರಕ್ಕೆ ಕರೆಸಿಕೊಂಡರು. ಅಲ್ಲಿ ನಿಂತು ಎರಡೂ ಕಡೆಯ ಮಕ್ಕಳಿಗೆ ದಿನಾಲೂ ಪಾಠ ಮಾಡಬೇಕು, ಇಷ್ಟೇ ನನ್ನ ಕೆಲಸ.

ವಿಮಾನ, ಬಾಗಿಲು, ಕಾಲುಚೀಲ

ಹೆದರುವುದರಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲೂಕಿನಲ್ಲಿ ಇಲ್ಲ. ವಿಮಾನ ಏರುವಾಗ ಹೆದರಿದೆ, ಇಳಿಯುವಾಗ ಇನ್ನೂ ಹೆದರಿದೆ. ಓಡುವ ಮೆಟ್ಟಿಲಿನಲ್ಲಿ ಸೀರೆ ಸಿಕ್ಕೀತೆಂದು ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ಹಿಂದಿನವರು ಏನು ತಿಳಿದರೋ ಏನೋ, ಬಹಳ ದೂರ ಸರಿದು ನಿಂತರು.

ನನಗೆ ಕೊಟ್ಟಿದ್ದ ಮನೆಯ ಬಾಗಿಲು ತಾನೇ ಬೀಗ ಹಾಕಿಕೊಳ್ಳುವ ಜಾತಿಯದು. ಹೊರಗೆ ಏನೋ ಸದ್ದಾಯಿತೆಂದು ಇಣುಕಿದೆ, ಬಾಗಿಲು ಹಿಂದೆ ಟಪ್ಪೆಂದು ಮುಚ್ಚಿತು. ಬರೀ ಕಾಲುಚೀಲದಲ್ಲಿ ನಾನು ಹೊರಗೆ, ಫೋನು ಒಳಗೆ. ಮೆಟ್ಟಿಲಲ್ಲಿ ಜನ ಹತ್ತಿ ಇಳಿದು ಹೋದರು. ಒಬ್ಬರೂ ನಿಂತು ಕೇಳಲಿಲ್ಲ. ಮುದ್ದೇಬಿಹಾಳದಲ್ಲಿ ನನ್ನ ಬಾಗಿಲ ಮುಂದೆ ನಾನು ಹಾಗೆ ನಿಂತಿದ್ದರೆ ಇಷ್ಟೊತ್ತಿಗೆ ಓಣಿಯೇ ಕೂಡಿ, ಒಬ್ಬರು ಚಹಾ ತಂದು, ಇನ್ನೊಬ್ಬರು ಕಿಟಕಿಯ ಸಳಿ ಮುರಿದು, ಮತ್ತೊಬ್ಬರು ನಮ್ಮ ಮನೆಯವರಿಗೆ ಬೈದು ಮುಗಿಸುತ್ತಿದ್ದರು. ಅಲ್ಲಿ ನನ್ನನ್ನು ಕರೆಸಿದ್ದ ಶಿಕ್ಷಕಿ ಲೀಸಾ ಬರುವ ತನಕ ಗೋಡೆಗೆ ಒರಗಿ ನಡುಗುತ್ತ ನಿಂತೆ.

"ಯಾರನ್ನಾದರೂ ಕೇಳಬೇಕಿತ್ತು" ಎಂದಳು ಲೀಸಾ. ನಲವತ್ತರ ಆಸುಪಾಸಿನ, ಮೆಲುದನಿಯ ಹೆಂಗಸು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಇಬ್ಬರದೂ ಕುಂಟು ಇಂಗ್ಲಿಷ್ ಆದ್ದರಿಂದ ಚೆನ್ನಾಗಿ ಹೊಂದಿಕೆಯಾಯಿತು.

"ಅವರೇ ಕೇಳಬಹುದಿತ್ತಲ್ಲ?" ಎಂದೆ.

"ನಾವು ಯಾರನ್ನೂ ಏನೂ ಕೇಳುವುದಿಲ್ಲ. ಅವರಿಗೆ ಹೇಳಲು ಇಷ್ಟವಿಲ್ಲದಿದ್ದರೆ?"

ಇದೆಂಥಾ ಮಂದಿಯಪ್ಪಾ ಎಂದುಕೊಂಡೆ. ಇಂಡಿಯಿಂದ ಸಿಂದಗಿಗೆ ಬಸ್ಸಿನಲ್ಲಿ ಹೋಗುವಾಗ ಪಕ್ಕದವರು ಊರು, ಮನೆತನ, ಮಕ್ಕಳೆಷ್ಟು, ಸೊಸೆ ಹೇಗೆ ಎಂದು ಕೇಳದಿದ್ದರೆ ಅವರಿಗೆ ಮೈಯಲ್ಲಿ ಹುಷಾರಿಲ್ಲ ಎಂದೇ ನಾವು ತಿಳಿಯುವುದು.

ನೆರಳಿನ ಪಾಠ

ಶಾಲೆಯಲ್ಲಿ ಮಕ್ಕಳೆಲ್ಲ ಬಾಗಿಲಲ್ಲೇ ಬೂಟು ಬಿಚ್ಚಿಡುತ್ತಾರೆ. ಇದೊಂದು ನಮ್ಮ ಹಾಗೇ ಎಂದು ಸಮಾಧಾನವಾಯಿತು. ಆದರೆ ಆ ಮೌನ! ನಮ್ಮ ಶಾಲೆಯ ಗದ್ದಲ ಬಸ್ ಸ್ಟಾಪಿನ ತನಕ ಕೇಳುತ್ತದೆ. ಇಲ್ಲಿ ಮಕ್ಕಳಿರುವ ಕೋಣೆಯೋ ಖಾಲಿ ಕೋಣೆಯೋ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಆ ಮೌನಕ್ಕೂ ನಾನು ಹೆದರಿದೆ.

ಮೊದಲ ದಿನವೇ ಲೀಸಾ ಒಂದು ಮಾತು ಹೇಳಿದಳು. "ಮಕ್ಕಳ ಫೋಟೋ ಮಾತ್ರ ತೆಗೆಯಬೇಡಿ. ಪರದೆಯಲ್ಲಿ ನಿಮ್ಮ ಮಕ್ಕಳು ಇವರನ್ನು ನೋಡಲಿ, ಮಾತಾಡಲಿ. ಚಿತ್ರ ಉಳಿಯಬಾರದು." ನಾನು ಆಯ್ತು ಆಯ್ತು ಎಂದು ತಲೆಯಾಡಿಸಿದೆ. ನಮ್ಮಲ್ಲಿ ಗುಡಿಯಲ್ಲೂ ದವಾಖಾನೆಯಲ್ಲೂ ಈ ಮಾತು ಗೋಡೆಯ ಮೇಲೆ ಬರೆದಿರುತ್ತದೆ, ಅದರ ಕೆಳಗೇ ನಿಂತು ಮಂದಿ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ನಾನು ಎತ್ತಿಕೊಂಡ ಪಾಠ ನೆರಳಿನದು. ಎರಡೂ ಕಡೆಯ ಮಕ್ಕಳು ತಂತಮ್ಮ ಊರಿನ ನಡುಮಧ್ಯಾಹ್ನ ಬಯಲಲ್ಲಿ ನಿಂತು ತಮ್ಮ ನೆರಳನ್ನು ಅಳೆಯಬೇಕು, ಮರುದಿನ ಪಾಠದಲ್ಲಿ ಅಲ್ಲಿಯ ಜೋಡಿಗೆ ಹೇಳಬೇಕು. ಇಬ್ಬರ ನೆರಳಿನ ಅಂತರದಿಂದ ಭೂಮಿ ದುಂಡಗಿರುವುದನ್ನು ತೋರಿಸುವುದು. ಒಬ್ಬೊಬ್ಬರಿಗೆ ಒಬ್ಬೊಬ್ಬ ಜೋಡಿಯನ್ನು ಗೊತ್ತು ಮಾಡಿದೆ. ಮಾತಾಡಿದ್ದೆಲ್ಲ ಪರದೆಯ ಕೆಳಗೆ ಆಯಾ ಭಾಷೆಯಲ್ಲಿ ತಾನೇ ಮೂಡುವ ಅನುಕೂಲವಿತ್ತು.

ನಮ್ಮ ಲಕ್ಷ್ಮಿಗೆ ಸಿಕ್ಕವಳು ಕಾಯಾ. ಲಕ್ಷ್ಮಿ ಎಂದರೆ ಇಡೀ ತರಗತಿಯ ಪರವಾಗಿ ಒಬ್ಬಳೇ ಮಾತಾಡುವ ಹುಡುಗಿ. ಕಾಯಾ ಹೊಸದಾಗಿ ಆ ಶಾಲೆಗೆ ಸೇರಿದವಳು, ಕೂದಲನ್ನು ಹುಡುಗರಂತೆ ಕತ್ತರಿಸಿಕೊಂಡವಳು. ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖಮಾಡಿ ಕೂರುತ್ತಿದ್ದಳು. ನಾನು ಆಕೆಯನ್ನು ಯಾವಾಗ ಮನೆಗೆ ಓಡೋಣ ಎಂದು ಕಾಯುವ ಸೋಮಾರಿ ಎಂದುಕೊಂಡಿದ್ದೆ.

"ನಂದ ನೆರಳ ನನ್ನಷ್ಟ ಉದ್ದಾನೂ ಇಲ್ಲ ನೋಡವ್ವ, ಮಾರಿ ಸುಡಾಕತ್ತೈತಿ ಇಲ್ಲೆ. ನಿಂದು?" ಎಂದಳು ಲಕ್ಷ್ಮಿ ಪರದೆಯಿಂದ.

ಕಾಯಾ ಬಹಳ ಹೊತ್ತು ಯೋಚಿಸಿ, ತನ್ನ ನೆರಳು ಆಟದ ಬಯಲು ದಾಟಿ ಬೇಲಿಯ ತನಕ ಹೋಗಿತ್ತು, ಆಮೇಲೆ ಮೋಡ ಬಂತು ಎಂದಳು.

"ಯವ್ವಾ! ಅಷ್ಟುದ್ದನ ನೆರಳ ಇಟಗೊಂಡ ಹೆಂಗ ಅಡ್ಡಾಡತಿ?"

ಕಾಯಾ ನಕ್ಕಳು. ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ತಡೆಯಲಾರದೆ. ಲೀಸಾ ಕಿಟಕಿಯ ಹತ್ತಿರ ನಿಂತವಳು ತಟ್ಟನೆ ತಿರುಗಿ ನೋಡಿದಳು. ಅಂದಿನಿಂದ ನಮ್ಮ ಹುಡುಗರೆಲ್ಲ ಆಕೆಯನ್ನು ಕಾಯವ್ವ ಎಂದು ಕರೆಯತೊಡಗಿದರು.

ಎರಡು ಸಾಲು

ನಮ್ಮ ಹೆಡ್‌ಮಾಸ್ತರು ಪಾಪದವರು. ಅವರಿಗೆ ಮೇಲಿನವರ ಭಯ, ನನಗೆ ಅವರ ಭಯ. ದಿನಾ ಒಂದು ಧ್ವನಿಸಂದೇಶ ಬರುತ್ತಿತ್ತು: "ಟೀಚರ್, ಫೋಟೋ ಕಳಸ್ರಿ. ಫೋಟೋ ಇಲ್ದ ನಾ ಏನಂತ ಹೇಳ್ಲಿ? ಪಾಠ ಆಗೇತಿ ಅಂತ ಹೆಂಗ ನಂಬತಾರ?"

ಓದುವ ನೀವು ಶಿಕ್ಷಕರಾಗಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತತ್ತಿ ಹಂಚಿದರೆ ಫೋಟೋ, ಕೈ ತೊಳೆಸಿದರೆ ಫೋಟೋ, ಗಿಡ ನೆಟ್ಟರೆ ಗಿಡಕ್ಕಿಂತ ಮೊದಲು ಫೋಟೋ. ಫೋಟೋ ಇಲ್ಲದ ಪಾಠ ನಮ್ಮಲ್ಲಿ ನಡೆಯದ ಪಾಠ.

ಒಂದು ದಿನ ಲೀಸಾ ಏನೋ ತರಲು ಹೊರಗೆ ಹೋಗಿದ್ದಳು. ಒಂದೇ ಒಂದು ಫೋಟೋ, ಯಾರಿಗೇನು ನಷ್ಟ ಎಂದುಕೊಂಡೆ. ಮಕ್ಕಳನ್ನು ಎರಡು ಸಾಲು ನಿಲ್ಲಿಸಿದೆ, ಹಿಂದೆ ಪರದೆಯಲ್ಲಿ ನಮ್ಮ ಮಕ್ಕಳು. ಕಾಯಾ ಹಿಂದೆ ಹಿಂದೆ ಸರಿದು ಎತ್ತರದ ಹುಡುಗನ ಬೆನ್ನಿಗೆ ನಿಂತಳು. ನಾನೇ ಹೋಗಿ ಕೈ ಹಿಡಿದು ಮುಂದಿನ ಸಾಲಿಗೆ ತಂದೆ. "ಯಾಕವ್ವ ಹಿಂದ ನಿಂದರ್ತಿ? ಚಂದ ಅದೀ, ಮುಂದ ಬಾ" ಎಂದು ಕನ್ನಡದಲ್ಲೇ ಹೇಳಿದೆ. ಆಕೆಯ ಕೈ ಮಂಜಿನಷ್ಟು ತಣ್ಣಗಿತ್ತು.

ಮತ್ತೆ ಹೆಸರುಗಳು. ನಮ್ಮ ಕಡೆ ಪತ್ರಿಕೆಗಾಗಲಿ ಗ್ರೂಪಿಗಾಗಲಿ ಒಂದು ಚಿತ್ರ ಹೋದರೆ ಕೆಳಗೆ 'ಎಡದಿಂದ ಬಲಕ್ಕೆ' ಎಂದು ಎಲ್ಲರ ಹೆಸರು ಇರಲೇಬೇಕು. ಒಬ್ಬರದು ಬಿಟ್ಟರೂ ಅವರ ಮನೆತನವೇ ಸಿಟ್ಟಾಗುತ್ತದೆ. ಒಬ್ಬೊಬ್ಬರನ್ನೇ ಹೆಸರು, ಅಡ್ಡಹೆಸರು ಕೇಳಿದೆ. ಕಾಯಾ ಬಾಗಿಲ ಕಡೆ ನೋಡಿದಳು. ನಾನು ಮತ್ತೊಮ್ಮೆ ಕೇಳಿದೆ. ಟೀಚರು ಕೇಳಿದರೆ ಹೇಳಬೇಕೆಂಬುದು ಅಲ್ಲಿಯ ಮಕ್ಕಳಿಗೂ ಇದೆಯಲ್ಲ, ಪಿಸುದನಿಯಲ್ಲಿ ಹೇಳಿದಳು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎಲ್ಲ ಬರೆದೆ. ಊರು, ಶಾಲೆ, ತರಗತಿ, ಎಡದಿಂದ ಬಲಕ್ಕೆ. ಕಾಯಾ ಮೂರನೆಯವಳು. ನಮ್ಮ ಶಾಲೆಯ ಗ್ರೂಪಿಗೆ ಕಳಿಸಿ ಹಗುರಾದೆ.

ಇಂಡಿ, ಸಿಂದಗಿ, ಬಾಗೇವಾಡಿ

ಮರುದಿನ ಮಧ್ಯಾಹ್ನ, ಪಾಠ ಮುಗಿದು ಮಕ್ಕಳೆಲ್ಲ ಇನ್ನೂ ಹೊರಟಿರಲಿಲ್ಲ, ಲೀಸಾ ಒಳಗೆ ಬಂದು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಫೋನಿನಲ್ಲಿ ನಾನೇ ತೆಗೆದ ಫೋಟೋ. ಮೇಲೆ ಕನ್ನಡದಲ್ಲಿ ದೊಡ್ಡಕ್ಷರ: 'ವಿದೇಶದಲ್ಲಿ ನಮ್ಮೂರ ಟೀಚರ್ ಹವಾ!' ಫೇಸ್‌ಬುಕ್ಕಿನಲ್ಲಿ ಅದನ್ನು ಹಾಕಿದವರು ಆ ಶಾಲೆಯ ಪುಟಕ್ಕೂ ಅಂಟಿಸಿದ್ದರು.

"ಈ ಹುಡುಗಿ" ಎಂದು ಕಾಯಾಳ ಮುಖದ ಮೇಲೆ ಬೆರಳಿಟ್ಟಳು ಲೀಸಾ. "ಇವಳೂ ಇವಳ ತಾಯಿಯೂ ಈ ಊರಲ್ಲಿ ಅಡಗಿದ್ದಾರೆ. ಇವಳ ಅಪ್ಪ ಆ ತಾಯಿಯನ್ನು ಸಾಯುವಷ್ಟು ಹೊಡೆದವನು. ಸಿಕ್ಕರೆ ಇಬ್ಬರನ್ನೂ ಬಿಡುವುದಿಲ್ಲ ಎಂದವನು. ಎಲ್ಲಿದ್ದಾರೆಂದು ಹುಡುಕುತ್ತಲೇ ಇದ್ದಾನೆ."

ಹಿಂದಿನ ದಿನ ಕಾಯಾಳ ಕೈ ಯಾಕೆ ಅಷ್ಟು ತಣ್ಣಗಿತ್ತೆಂದು ಆಗ ನನಗೆ ಅರ್ಥವಾಯಿತು.

"ತೆಗೆಸಿ" ಎಂದಳು ಲೀಸಾ. "ಎಲ್ಲಾ ಕಡೆಯಿಂದ. ಈಗಲೇ. ನಾನು ಪೊಲೀಸರಿಗೆ ಹೇಳಬೇಕು, ತಾಯಿಗೆ ಹೇಳಬೇಕು." ಕಾಯಾಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು.

ಹೆಡ್‌ಮಾಸ್ತರಿಗೆ ಫೋನು ಹಚ್ಚಿದೆ. "ತೆಗದೆ ಅಂತ ತಿಳ್ಕೋರಿ ಟೀಚರ್. ಆದ್ರ ನಾ ನಿನ್ನೇನ ಮುಂದ ಕಳಿಸೀನಲ್ರಿ. ಅವರು ತಮ್ಮ ಗ್ರೂಪಿಗೆ ಹಾಕ್ಯಾರ. ಎಲ್ಲಾರೂ ಹೂವು, ಕೈ ಮುಗಿಯೂದು ಹಾಕ್ಯಾರ ನೋಡ್ರಿ, ಎಷ್ಟ ಛಲೋ ಆಗೇತಿ!"

"ಸರ್, ಒಂದು ಹುಡುಗಿ ಜೀವದ ಪ್ರಶ್ನೆ ಐತ್ರಿ!"

"ಯಾರ್ಯಾರಿಗೆ ಹೋಗೇತಿ ಅವರಿಗೆಲ್ಲಾ ಈಗ ಫೋನ್ ಮಾಡ್ತೇನ್ರಿ" ಎಂದರು.

ಇಂಡಿಯ ನನ್ನ ಗೆಳತಿ ಕಸ್ತೂರಿ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಳು. ಅವಳೂ ಟೀಚರು. ಅವರ ಮನೆಯಲ್ಲಿ ನಿಂಬೆಹಣ್ಣಿನ ಚೀಲ ಹೊಲೆಯುವ ಗದ್ದಲ ಫೋನಿನಲ್ಲೇ ಕೇಳುತ್ತಿತ್ತು. "ಯಾಕ ತೆಗೀಲಿ? ದೃಷ್ಟಿ ಆಕ್ಕೈತೇನ ನಿನಗ? ನಮ್ಮ ಅತ್ತಿ ಎಲ್ಲಾರಿಗೂ ತೋರಿಸಾಕತ್ತಾಳ" ಎಂದು ನಕ್ಕಳು. ನಾನು ಅಳತೊಡಗಿದ್ದು ಕೇಳಿದ ಮೇಲೆ ಮರುಮಾತಾಡದೆ ತೆಗೆದಳು, ತನ್ನಿಂದ ಪಡೆದವರಿಗೂ ತೆಗೆಯಲು ಹೇಳಿದಳು.

ಬಾಗೇವಾಡಿಯ ಬಸ್ ನಿಲ್ದಾಣದ ಎದುರು ನನ್ನ ಹಳೆಯ ವಿದ್ಯಾರ್ಥಿಗಳು ಅದೇ ಫೋಟೋಕ್ಕೆ ನನ್ನದೊಂದು ಹಳೆಯ ಫೋಟೋ ಸೇರಿಸಿ ಫ್ಲೆಕ್ಸ್ ಕಟ್ಟಿದ್ದರಂತೆ. ಅದರ ಮುಂದೆ ನಿಂತು ಫೋಟೋ ತೆಗೆದು ಮತ್ತೆ ಹಾಕುತ್ತಿದ್ದರಂತೆ. ನಮ್ಮ ಮನೆಯವರು ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ಅಂಗಡಿಯಲ್ಲಿದ್ದವರು ಹಾಗೇ ಬೈಕು ಹತ್ತಿ ಹೋದರು. ಆಮೇಲೆ ಅವರೇ ಹೇಳಿದ್ದು: "ಕತ್ತರಿ ಹಚ್ಚೇನಿ, ಹುಡುಗರು ಬಂದು ಕೈ ಹಿಡದ್ರು. ಸರ್, ನಿಮ್ಮ ಹೆಂಡ್ತಿ ಫೋಟೋ ನೀವ ಹರೀತೀರಲ್ಲ, ಮನ್ಯಾಗ ಜಗಳ ಏನ್ರಿ ಅಂದ್ರು. ಹೌದಪ್ಪಾ ಜಗಳ, ಭಾಳ ದೊಡ್ಡ ಜಗಳ ಅಂತಂದು ಹರದ ತಂದೇನಿ."

ಉಳಿದದ್ದು ಸಿಂದಗಿ. ಫೇಸ್‌ಬುಕ್ಕಿನಲ್ಲಿ ಹಾಕಿದವನು ನನ್ನ ಸೋದರಮಾವನ ಮಗ ಮಹಾಂತೇಶ. ಊರ ಸುದ್ದಿಯ ಒಂದು ಪುಟ ನಡೆಸುತ್ತಾನೆ. ಒಳ್ಳೆಯ ಹುಡುಗ, ಕರೆದರೆ ಇಲ್ಲವೆನ್ನದವನು. ಮೊದಲ ಮಾತಿಗೇ ತೆಗೆದುಬಿಟ್ಟ. ನನಗೆ ಉಸಿರು ಬಂದಂತಾಯಿತು.

"ಅಂದಂಗ ಅಕ್ಕಾ, ನಿಮ್ಮ ಆ ದೇಶದವರೊಬ್ಬರು ಮೆಸೇಜ್ ಮಾಡಿದ್ರು ನೋಡು. ಭಾಳ ಮರ್ಯಾದಸ್ಥ ಮನಷ್ಯಾ. ಫೋಟೋ ಯಾವಾಗಿಂದು, ಈ ಮಕ್ಕಳು ಈಗೂ ಅದ ಸಾಲ್ಯಾಗ ಅದಾರೇನು ಅಂತ ಕೇಳಿದ್ರು. ನಾ ಫೋನಿನ್ಯಾಗ ಅವರ ಭಾಷಾಕ್ಕ ತಿರುಗಿಸಿ ಎಲ್ಲಾ ಹೇಳೀನಿ. ನಿನ್ನೆಂದ ಐತ್ರಿ ಅಂತ."

ನಾನು ಲೀಸಾಳನ್ನು ಕೂಗಿದೆ. ಅವನು ಇನ್ನೂ ಹೇಳುತ್ತಲೇ ಇದ್ದ.

"ಇನ್ನೇನ ಬೇಕಾದ್ರ ನಮ್ಮ ಅಕ್ಕನ್ನ ಕೇಳ್ರಿ ಅಂತ ನಿನ್ನ ಅಲ್ಲೀ ನಂಬರೂ ಕೊಟ್ಟೀನಿ. ತಪ್ಪಾತೇನಕ್ಕಾ?"

ಬಂದವರಿಗೆ ದಾರಿ ಹೇಳುವುದು, ಹೇಳಿ ಸಾಲದೆ ನಾಲ್ಕು ಹೆಜ್ಜೆ ಜೊತೆಗೇ ಹೋಗಿ ಬಿಟ್ಟುಬರುವುದು ನಮ್ಮ ಕಡೆಯ ಹೆಮ್ಮೆ. ಮಹಾಂತೇಶ ಅದನ್ನೇ ಮಾಡಿದ್ದ. ಅವನಿಗೆ ಏನೆಂದು ಬೈಯಲಿ? ಫೋನಿಟ್ಟೆ.

ಇಟ್ಟ ಫೋನು ಮೇಜಿನ ಮೇಲೇ ಮತ್ತೆ ಬಡಿದುಕೊಳ್ಳತೊಡಗಿತು. ಅದೇ ದೇಶದ, ನನಗೆ ಗೊತ್ತಿಲ್ಲದ ನಂಬರು.

ಲೀಸಾ ಓಡಿ ಬಂದು "ಮುಟ್ಟಬೇಡಿ" ಎಂದಳು. ಇಬ್ಬರೂ ನಿಂತು ನೋಡಿದೆವು. ಅದು ಬಡಿದುಕೊಂಡು ಬಡಿದುಕೊಂಡು ಮೇಜಿನ ಅಂಚಿಗೆ ಸರಿಯಿತು, ನಿಂತಿತು, ಮತ್ತೆ ಶುರುವಾಯಿತು. ಹೊರಗೆ ನಾಲ್ಕು ಗಂಟೆಗೇ ಕತ್ತಲೆಯಾಗಿತ್ತು. ಆ ಕತ್ತಲೆಯಲ್ಲಿ ಕಾಯಾಳ ತಂದೆ ಎಷ್ಟು ದೂರದಲ್ಲಿ ನಿಂತು ಫೋನು ಹಿಡಿದಿದ್ದಾನೋ, ಶಾಲೆಯ ಬೇಲಿಯ ಆಚೆಗೇ ಇದ್ದಾನೋ ಎಂದು ಕಿಟಕಿಯ ಕಡೆ ನೋಡಿದೆ. ಬದುಕಿನಲ್ಲಿ ನೂರಕ್ಕೆ ಹೆದರಿದ್ದೇನೆ, ಆದರೆ ಅದುವರೆಗೆ ನನ್ನ ಸಲುವಾಗಿಯೇ ಹೆದರಿದ್ದೆ.

ಹಿಂಬಾಗಿಲು

ಪೊಲೀಸರು ಇಬ್ಬರು ಬಂದರು, ಒಬ್ಬಳು ಹೆಂಗಸು. ಬೈಯುತ್ತಾರೆ, ಜೈಲಿಗೆ ಹಾಕುತ್ತಾರೆ, ನೌಕರಿ ಹೋಗುತ್ತದೆ ಎಂದು ಕೂತಿದ್ದೆ. ಅವರು ನನಗೆ ಮೊದಲು ನೀರು ಕೊಟ್ಟರು. ಆ ನಂಬರು, ಮಹಾಂತೇಶನಿಗೆ ಬಂದ ಸಂದೇಶ, ಎಲ್ಲ ತೆಗೆದುಕೊಂಡರು. ಆ ನಂಬರು ಕಾಯಾಳ ತಂದೆಯದೇ ಎಂದು ಅವರಿಗೆ ಕೂಡಲೇ ಗೊತ್ತಾಯಿತು. ನಾನು ಬೈಸಿಕೊಂಡಿದ್ದರೆ ಹೆಚ್ಚು ಚೆನ್ನಾಗಿತ್ತು.

ತಾಯಿ ಹಿಂಬಾಗಿಲಿನಿಂದ ಬಂದಳು. ನನಗಿಂತ ಬಹಳ ಚಿಕ್ಕವಳು. ಕತ್ತು ತಿರುಗಿಸಿ ಒಂದೇ ಕಿವಿಯಿಂದ ಕೇಳಿಸಿಕೊಳ್ಳುತ್ತಿದ್ದಳು, ಇನ್ನೊಂದು ಕಿವಿ ಕೇಳುವುದಿಲ್ಲವಂತೆ. ಯಾಕೆಂದು ನಾನು ಕೇಳಲಿಲ್ಲ. ಕಾಯಾ ತನ್ನ ಜಾಕೆಟ್ಟಿನ ಗುಂಡಿಯನ್ನು ಕತ್ತಿನ ತನಕ ಹಾಕಿಕೊಂಡು, ಯಾರೂ ಹೇಳದೆ ತಾನೇ ಟೊಪ್ಪಿಗೆಯನ್ನು ಹುಬ್ಬಿನ ತನಕ ಎಳೆದುಕೊಂಡು ತಯಾರಾಗಿ ನಿಂತಿದ್ದಳು. ರೂಢಿಯಾದವರ ಹಾಗೆ.

ನಾನು ಎದ್ದು ಕೈಮುಗಿದೆ. ಹಾಗೆ ಮುಗಿದರೆ ಅವರಲ್ಲಿ ಏನರ್ಥವೋ ಗೊತ್ತಿಲ್ಲ, ನನಗೆ ಬೇರೇನೂ ತೋಚಲಿಲ್ಲ. ಆ ತಾಯಿ ನನ್ನನ್ನು ನೋಡಿ ಒಂದು ಮಾತು ಹೇಳಿದಳು. ಲೀಸಾ ಅದನ್ನು ಇಂಗ್ಲಿಷಿಗೆ ತಿರುಗಿಸಲು ಹಿಂದೆಮುಂದೆ ನೋಡಿದಳು. ನಾನು ಬಿಡಲಿಲ್ಲ.

"ಈ ಶಾಲೆಯಲ್ಲಿ ಇವಳು ನಗುವುದಕ್ಕೆ ಶುರುಮಾಡಿದ್ದಳು, ಅಂತ" ಎಂದಳು ಲೀಸಾ.

ಬಿಳಿ ಗಾಡಿಯೊಂದು ದೀಪ ಹಚ್ಚದೆ ಬಂದು ಅವರನ್ನು ಹತ್ತಿಸಿಕೊಂಡು ಹೋಯಿತು. ಅವನು ಸಿಕ್ಕನೋ ಇಲ್ಲವೋ ಎಂದು ನಾನು ಇದ್ದ ಅಷ್ಟೂ ದಿನ ಕೇಳಿದೆ. ಇನ್ನೂ ಇಲ್ಲ ಎಂದೇ ಉತ್ತರ. ದಾರಿಯಲ್ಲಿ ಕಪ್ಪು ಕೋಟಿನ ಗಂಡಸು ಕಂಡರೆ ನಾನು ರಸ್ತೆ ದಾಟುತ್ತಿದ್ದೆ. ಆ ಊರಲ್ಲಿ ಎಲ್ಲ ಗಂಡಸರದೂ ಕಪ್ಪು ಕೋಟು. ಮನೆಗೆ ಬಂದು ತಾನೇ ಬೀಗ ಹಾಕಿಕೊಳ್ಳುವ ಬಾಗಿಲನ್ನು ಎಳೆದೆಳೆದು ನೋಡಿ ಮಲಗುತ್ತಿದ್ದೆ.

ಮರುದಿನದ ಪಾಠ

ಪಾಠ ನಿಲ್ಲಿಸಿಬಿಡಿ, ನಾನು ಊರಿಗೆ ಹೋಗುತ್ತೇನೆ ಎಂದೆ. ಲೀಸಾ ಒಪ್ಪಲಿಲ್ಲ. ಉಳಿದ ಮಕ್ಕಳು ನೆರಳು ಅಳೆದುಕೊಂಡು ಬಂದಿದ್ದಾರೆ ಎಂದಳು. ಸಿಟ್ಟಿನಿಂದ ಹೇಳಿದಳೋ ಕರುಣೆಯಿಂದಲೋ ತಿಳಿಯಲಿಲ್ಲ. ಅಂತೂ ಪರದೆಯ ಮುಂದೆ ನಿಂತೆ.

ನಮ್ಮ ಶಾಲೆಯ ಗೋಡೆ, ಸುಣ್ಣ ಕಿತ್ತ ಕಿಟಕಿ, ನೆಲದ ಮೇಲೆ ಒತ್ತೊತ್ತಾಗಿ ಕೂತ ಮಕ್ಕಳು. ಎಲ್ಲರೂ ಒಂದೇ ದನಿಯಲ್ಲಿ "ನಮಸ್ಕಾರ್ರೀ ಟೀಚರ್" ಎಂದರು. ಒಂದೊಂದೇ ಜೋಡಿ ಎದ್ದು ತಂತಮ್ಮ ನೆರಳು ಹೇಳಿತು. ಲಕ್ಷ್ಮಿಯ ಸರದಿ ಬಂತು. ಅವಳು ಎದ್ದು ಕ್ಯಾಮೆರಾದ ತೀರ ಹತ್ತಿರ ಬಂದು ಆ ಕಡೆ ಈ ಕಡೆ ಹುಡುಕಿದಳು.

"ಟೀಚರ್, ಕಾಯವ್ವ ಎಲ್ಲಿ ಅದಾಳ್ರಿ?"

"ಬಂದಿಲ್ಲವ್ವ."

"ಮೈಯಾಗ ಆರಾಮ ಇಲ್ಲೇನ್ರಿ? ನಾಳೆ ಬರ್ತಾಳೇನ್ರಿ?"

ಅಡ್ಡಡ್ಡ ಏನಾದರೂ ಹೇಳಿ ಕೂರಿಸಬಹುದಿತ್ತು. ಊರಿಗೆ ಹೋಗಿದ್ದಾಳೆ, ಜ್ವರ ಬಂದಿದೆ, ಏನಾದರೂ. ಆ ಮಗುವಿನ ಕಣ್ಣು ನೋಡುತ್ತ ಸುಳ್ಳು ಬಾಯಿಗೆ ಬರಲಿಲ್ಲ.

"ಇನ್ನ ಬರೂದಿಲ್ಲ ಲಕ್ಷ್ಮೀ. ಆಕಿ ಈ ಸಾಲಿ ಬಿಟ್ಟಳು."

"ಯಾಕ್ರಿ?"

"ನನ್ನಿಂದ."

ಲಕ್ಷ್ಮಿ ಲಂಗದ ಅಂಚು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದಳು.

"ಹಂಗಾರ ನೀವ ಹೋಗಿ ಕರಕೊಂಡ ಬರ್ರಿ ಟೀಚರ್. ಹ್ವಾದ ವರ್ಷ ನಾ ಸಾಲಿ ಬಿಟ್ಟಾಗ ನಮ್ಮ ಮನೀಗೆ ಬಂದಿದ್ರಲ್ಲ, ಹಂಗ."

ಹೌದು, ಹೋಗಿದ್ದೆ. ಅವಳೊಬ್ಬಳ ಮನೆಗಷ್ಟೇ ಅಲ್ಲ, ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ಹೊಲದ ತನಕ ನಡೆದು, ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲಿಗೂ ಹೋಗಿ, ತಂದೆ ತಾಯಿಯ ಹತ್ತಿರ ಜಗಳ ತೆಗೆದು, ಚೀಲ ಹೆಗಲಿಗೆ ಹಾಕಿಸಿ ಕರೆತಂದಿದ್ದೇನೆ. ನಮ್ಮಲ್ಲಿ ಒಂದು ಮಗು ಶಾಲೆ ಬಿಟ್ಟರೆ ಟೀಚರಾದವಳು ಮಾಡುವುದು ಅಷ್ಟೇ: ಮನೆ ಹುಡುಕಿಕೊಂಡು ಹೋಗುವುದು, ಕರೆತರುವುದು.

"ಹೋಗ್ತೀರೇನ್ರಿ?" ಎಂದಳು ಲಕ್ಷ್ಮಿ.

ಕಾಯಾಳ ಹೊಸ ಮನೆ ಯಾವ ಊರಲ್ಲಿದೆ ಎಂದು ಲೀಸಾಳಿಗೂ ಗೊತ್ತಿಲ್ಲ. ಗೊತ್ತಿದ್ದರೂ ಆ ಮನೆಯ ದಾರಿಯನ್ನು ನನಗೆ ಯಾರೂ ಹೇಳಬಾರದು.